ಅಟ್ಲಾಂಟ ನಗರವೂ ರೈಲುದಾರಿಯೂ

ಒಂದು ಪಟ್ಟಣವು ತಾನಿರುವ ಸ್ಥಳದಲ್ಲಿಯೇ ಏತಕ್ಕೆ ಹುಟ್ಟಿತೆಂದು ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಕೆಲವೇ. ಹೊಳೆಯ ದಂಡೆ, ಕಡಲ ಬಂದರು, ಬೆಟ್ಟದ ಕೋಟೆ, ದೇವಸ್ಥಾನದ ತೇರುಬೀದಿ, ಅರಸನ ಅರಮನೆ, ಇವುಗಳಲ್ಲಿ ಯಾವುದಾದರೊಂದು ಅದರ ಮೂಲದಲ್ಲಿ ಕಂಡುಬರುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ, ಜಾರ್ಜಿಯ ಸಂಸ್ಥಾನದ ರಾಜಧಾನಿಯಾಗಿರುವ ಅಟ್ಲಾಂಟ ನಗರಕ್ಕೆ ಇವುಗಳಲ್ಲಿ ಒಂದೂ ಇರಲಿಲ್ಲ. ದೋಣಿ ನಡೆಯುವ ನದಿಯು ಅದರ ಮಗ್ಗುಲಲ್ಲಿಲ್ಲ. ಸಮುದ್ರವು ಬಹು ದೂರ. ಅಲ್ಲಿ ಇದ್ದುದು ಕಾಡು ಬೆಳೆದ ಒಂದು ದಿಣ್ಣೆ, ಆ ದಿಣ್ಣೆಯ ಮೇಲೆ ಅಳತೆಗಾರರು ನೆಟ್ಟ ಒಂದು ಗೂಟ. ಆ ಗೂಟದಿಂದ ಒಂದು ಮಹಾನಗರವು ಹೇಗೆ ಬೆಳೆಯಿತು, ಅಲ್ಲಿ ನೆರೆದ ಜನರು ಹೇಗೆ ಬಾಳಿದರು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗುವುದು. ರೈಲುದಾರಿಯು ಜನರನ್ನು ಕೂಡಿಸುತ್ತದೆಂದು ಹೇಳುವುದು ವಾಡಿಕೆ. ಈ ನಗರದ ಚರಿತ್ರೆಯಲ್ಲಾದರೋ ಅದು ಕೂಡಿಸಿದ ಜನರನ್ನೇ ಬೇರ್ಪಡಿಸಿತೆಂಬುದೂ ಅಷ್ಟೇ ನಿಜವಾಗಿ ತೋರುತ್ತದೆ.

ಜಾರ್ಜಿಯದ ಶಾಸನಸಭೆಯು ೧೮೩೬ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಸಂಸ್ಥಾನದ ಸ್ವಂತ ಖರ್ಚಿನಿಂದ ಒಂದು ರೈಲುದಾರಿಯನ್ನು ಕಟ್ಟಬೇಕೆಂದು ನಿಶ್ಚಯಿಸಿತು. ಉತ್ತರದಲ್ಲಿ ಟೆನೆಸಿ ನದಿಯ ದಡದಿಂದ ಹೊರಟು ದಕ್ಷಿಣಕ್ಕೆ ಚಾಟಹೂಚಿ ನದಿಯನ್ನು ದಾಟಿ, ಕರಾವಳಿಯ ಕಡೆಯಿಂದ ಬರುವ ಖಾಸಗಿ ರೈಲುದಾರಿಗಳನ್ನು ಕೂಡಬೇಕೆಂಬುದು ಉದ್ದೇಶ. ವೆಸ್ಟರ್ನ್ ಅಂಡ್ ಅಟ್ಲಾಂಟಿಕ್ ಎಂಬುದು ಅದರ ಹೆಸರು. ಸರಕಾರವೇ ಒಡೆತನವನ್ನಿಟ್ಟುಕೊಂಡ ಇಂತಹ ದಾರಿಯು ಖಾಸಗಿ ಕಂಪನಿಗಳ ಆ ದೇಶದಲ್ಲಿ ವಿಶೇಷವೇ ಸರಿ. ೧೮೩೭ರಲ್ಲಿ ಸ್ಟೀಫನ್ ಹ್ಯಾರಿಮನ್ ಲಾಂಗ್ ಎಂಬ ಎಂಜಿನಿಯರನ ಅಳತೆಯಂತೆ ದಕ್ಷಿಣದ ಕೊನೆಯನ್ನು ಗುರುತಿಸಿದರು. ಆ ಸ್ಥಳವು ದಿಣ್ಣೆಗಳು ಒಂದನ್ನೊಂದು ಕೂಡುವ ಎಡೆಯಾದುದರಿಂದ, ನಾಲ್ಕು ದಿಕ್ಕುಗಳಿಂದಲೂ ಹೆಚ್ಚು ಸೇತುವೆಗಳ ಹಂಗಿಲ್ಲದೆ ಹಳಿಗಳನ್ನು ಅಲ್ಲಿಗೆ ತರಬಹುದಾಗಿದ್ದಿತು. ನದಿಯ ಪಕ್ಕದ ಊರುಗಳಿಗೆ ಇದ್ದ ಅನುಕೂಲವು ಹಡಗಿನ ಕಾಲದ್ದು. ದಿಣ್ಣೆಯ ಅನುಕೂಲವು ಉಗಿಬಂಡಿಯ ಕಾಲದ್ದು. ಅಲ್ಲಿ ಒಂದು ಛತ್ರ, ಒಂದು ಕಮ್ಮಾರಸಾಲೆ, ಒಂದು ದಿನಸಿ ಅಂಗಡಿ, ಇವಿಷ್ಟು ನಡೆದಾವೇ ಹೊರತು ಮತ್ತೇನೂ ಆಗಲಾರದೆಂದು ಲಾಂಗನು ಅಭಿಪ್ರಾಯಪಟ್ಟನೆಂಬ ಪ್ರತೀತಿಯುಂಟು.

ದಾರಿಯು ಹಾದುಹೋದ ನೆಲವು ಯಾರದೆಂಬುದನ್ನು ಇಲ್ಲಿಯೇ ಹೇಳಬೇಕು. ಚಾಟಹೂಚಿಯ ಈಚಿನ ಸೀಮೆಯನ್ನು ಕ್ರೀಕ್ ಜನಾಂಗದವರು ೧೮೨೧ರ ಒಪ್ಪಂದದಿಂದ ಕಳೆದುಕೊಂಡಿದ್ದರು. ನದಿಯ ಆಚೆಯದು ಚೆರೋಕಿ ಜನಾಂಗದ ನಾಡು. ೧೮೩೮ರಲ್ಲಿ ಸೈನ್ಯದ ಬಲದಿಂದ ಅವರನ್ನು ಪಶ್ಚಿಮಕ್ಕೆ ಅಟ್ಟಲಾಯಿತು, ಆ ಪ್ರಯಾಣದಲ್ಲಿ ಸಾವಿರಾರು ಮಂದಿ ಮಡಿದರು. ಈ ಹೊರದೂಡುವಿಕೆಯನ್ನು ಬಲವಾಗಿ ಪ್ರತಿಪಾದಿಸಿದವರಲ್ಲಿ ಜಾರ್ಜಿಯದ ಗವರ್ನರನಾಗಿದ್ದ ವಿಲ್ಸನ್ ಲಂಪ್ಕಿನ್ ಒಬ್ಬನು. ಹೊಸ ಊರಿಗೆ ಮೊದಲು ‘ಟರ್ಮಿನಸ್’, ಎಂದರೆ ದಾರಿಯ ಕೊನೆ, ಎಂದೇ ಹೆಸರು. ೧೮೪೩ರಲ್ಲಿ ಲಂಪ್ಕಿನ್ನನ ಮಗಳ ಹೆಸರಿನಿಂದ ‘ಮಾರ್ಥಾಸ್‌ವಿಲ್’ ಎಂದಾಯಿತು. ಎರಡು ವರ್ಷಗಳ ತರುವಾಯ ಜಾರ್ಜಿಯ ರೈಲುದಾರಿಯ ಮುಖ್ಯ ಎಂಜಿನಿಯರನಾದ ಜೆ. ಎಡ್ಗರ್ ಥಾಮ್ಸನ್ನನ ಸೂಚನೆಯಂತೆ ‘ಅಟ್ಲಾಂಟ’ ಎಂದು ಬದಲಾಯಿತು. ಮೂರು ಹೆಸರುಗಳಲ್ಲಿ ಎರಡು ರೈಲಿನವು. ೧೮೪೭ರಲ್ಲಿ ಅದಕ್ಕೆ ನಗರದ ಸನದು ದೊರೆಯಿತು.

ಪೂರ್ವದ ಆಗಸ್ಟದಿಂದ ೧೮೪೫ರಲ್ಲಿಯೂ, ದಕ್ಷಿಣದ ಮೇಕನ್ನಿನಿಂದ ೧೮೪೬ರಲ್ಲಿಯೂ ಹಳಿಗಳು ಬಂದು ಸೇರಿದವು. ಸರಕಾರದ ದಾರಿಯು ಸ್ವಲ್ಪ ಕಾಲದಲ್ಲಿಯೇ ಉತ್ತರದ ಚಾಟನೂಗವನ್ನು ಮುಟ್ಟಿತು. ೧೮೫೦ರಲ್ಲಿ ೨,೫೭೨ ಇದ್ದ ಜನಸಂಖ್ಯೆಯು ೧೮೬೦ರಲ್ಲಿ ೯,೫೫೪ಕ್ಕೆ ಏರಿತು. ಬೀದಿಗಳನ್ನು ಹಾಕಿದ ರೀತಿಯಲ್ಲಿಯೂ ರೈಲಿನ ಮುದ್ರೆಯುಂಟು. ಒಬ್ಬೊಬ್ಬ ಜಮೀನುದಾರನೂ ತನ್ನ ಹೊಲದ ಪಕ್ಕದಲ್ಲಿ ಹಾದ ಹಳಿಗೆ ಸಮಾನಾಂತರವಾಗಿ ಬೀದಿಗಳನ್ನು ಎಳೆದುದರಿಂದ, ಊರಿನ ಹೃದಯಭಾಗದಲ್ಲಿ ಬೀದಿಗಳು ಇಂದಿಗೂ ಓರೆಕೋರೆಯಾಗಿ ಒಂದಕ್ಕೊಂದು ಅಡ್ಡಹಾಯುತ್ತವೆ. ದಕ್ಷಿಣದ ಹಳೆಯ ಬಂದರು ಪಟ್ಟಣಗಳಲ್ಲಿ ಹತ್ತಿಯ ತೋಟಗಳ ಶ್ರೀಮಂತರು ಸಮಾಜದ ಮೇಲುಪಂಕ್ತಿಯಲ್ಲಿದ್ದರೆ, ಇಲ್ಲಿ ವರ್ತಕರೂ ಯಂತ್ರ ಬಲ್ಲವರೂ ಗುತ್ತಿಗೆದಾರರೂ ಮುಂದಾಳುಗಳಾದರು. ಹಾಗೆಂದು ಗುಲಾಮಗಿರಿಯು ಇಲ್ಲಿ ಇರಲಿಲ್ಲವೆಂದಲ್ಲ. ೧೮೬೦ರಲ್ಲಿ ಊರಿನ ಐವರಲ್ಲಿ ಒಬ್ಬರು ಗುಲಾಮರಾಗಿದ್ದರು. ಜಾರ್ಜಿಯದ ರೈಲುದಾರಿಗಳಿಗಾಗಿ ನೆಲ ಅಗೆದು ದಿಂಡು ಹಾಸಿದವರಲ್ಲಿಯೂ ಬಾಡಿಗೆಗೆ ತಂದ ಗುಲಾಮರು ಅನೇಕರು.

ಹಳಿಗಳು ಕೊಟ್ಟ ಮಹತ್ವವೇ ಅಂತರ್ಯುದ್ಧದ ಕಾಲದಲ್ಲಿ ಊರಿಗೆ ಮುಳುವಾಯಿತು. ದಕ್ಷಿಣದ ಸೈನ್ಯಗಳಿಗೆ ಆಹಾರವೂ ಮದ್ದುಗುಂಡುಗಳೂ ಇಲ್ಲಿಂದಲೇ ಹೋಗುತ್ತಿದ್ದುದರಿಂದ, ೧೮೬೪ರಲ್ಲಿ ಉತ್ತರದ ಸೇನಾಪತಿ ಷರ್ಮನ್ನನು ಕೋಟೆಯನ್ನು ಮುತ್ತುವುದಕ್ಕಿಂತ ಹಳಿಗಳನ್ನು ಒಂದೊಂದಾಗಿ ಕಡಿಯುವುದರಲ್ಲಿಯೇ ಹೆಚ್ಚು ಶ್ರಮ ವಹಿಸಿದನು. ಆಗಸ್ಟಿನ ಕೊನೆಯಲ್ಲಿ ಮೇಕನ್ನಿನ ದಾರಿಯೂ ಕಡಿದುಹೋದಾಗ ಊರು ನಿಲ್ಲಲಾರದಾಯಿತು. ದಕ್ಷಿಣದ ಸೇನಾಪತಿ ಹುಡ್ಡನು ತನ್ನ ಮದ್ದಿನ ರೈಲಿಗೆ ತಾನೇ ಬೆಂಕಿಯಿಡಿಸಿ ಹೊರಟುಹೋದನು. ಸೆಪ್ಟೆಂಬರ್ ೨ರಂದು ನಗರಾಧ್ಯಕ್ಷ ಜೇಮ್ಸ್ ಕ್ಯಾಲ್‌ಹೂನನು ಊರನ್ನು ಒಪ್ಪಿಸಿದನು. ನವೆಂಬರಿನಲ್ಲಿ ಷರ್ಮನ್ನನ ಸೈನ್ಯವು ನಿಲ್ದಾಣವನ್ನು ಕೆಡವಿ, ಕಾರ್ಖಾನೆಗಳನ್ನು ಸುಟ್ಟು, ಹಳಿಗಳನ್ನು ಕೆಂಪಗೆ ಕಾಯಿಸಿ ಮರದ ಬೊಡ್ಡೆಗಳಿಗೆ ಸುತ್ತಿ ಮುಂದುವರಿಯಿತು. ಮತ್ತೆ ನೆಟ್ಟಗೆ ಮಾಡಲು ಬಾರದಂತೆ ತಿರುಚುವುದೇ ಇದರ ಗುಟ್ಟು.

ಈ ಯುದ್ಧದ ಬಿಸಿಯು ಕನ್ನಡ ನಾಡಿಗೂ ತಟ್ಟಿದ್ದಿತೆಂಬುದನ್ನು ಪ್ರಸಂಗವಶಾತ್ ಹೇಳಬಹುದು. ದಕ್ಷಿಣ ಅಮೆರಿಕದ್ದಲ್ಲ, ಈ ದಕ್ಷಿಣ ಸಂಸ್ಥಾನಗಳ ಹತ್ತಿಯ ಬೀಜವನ್ನೇ ೧೮೪೦ರ ದಶಕದಲ್ಲಿ ಧಾರವಾಡದ ಸೀಮೆಯ ಎರೆನೆಲದಲ್ಲಿ ಬಿತ್ತಿಸಿದ್ದರು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಅದು ಪೇಟೆಯಲ್ಲಿ ಪ್ರಸಿದ್ಧವಾಯಿತು. ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಈ ಕಡೆಗೆ ಕೈಚಾಚಿದವು, ಬೆಲೆಯು ಆಕಾಶಕ್ಕೇರಿತು. ೧೮೬೫ರಲ್ಲಿ ಯುದ್ಧವು ಮುಗಿದೊಡನೆ ಬೆಲೆ ಕುಸಿದು ಅನೇಕರು ಕೈಸುಟ್ಟುಕೊಂಡರು.

ಅಟ್ಲಾಂಟವು ಬೇಗನೆ ಚೇತರಿಸಿಕೊಂಡಿತು. ಕಟ್ಟಡಗಳು ಸುಟ್ಟಿದ್ದರೂ ದಿಣ್ಣೆಗಳು ಅಲ್ಲಿಯೇ ಇದ್ದುವಲ್ಲವೆ. ಹಳಿಗಳು ಮತ್ತೆ ಅದೇ ಜಾಡಿನಲ್ಲಿ ಬಂದವು. ೧೮೬೮ರಲ್ಲಿ ಸಂಸ್ಥಾನದ ರಾಜಧಾನಿಯು ಇಲ್ಲಿಗೆ ಬಂದಿತು. ೧೮೭೦ರಲ್ಲಿ ೨೧,೭೮೯ ಇದ್ದ ಜನಸಂಖ್ಯೆಯು ೧೯೦೦ರ ವೇಳೆಗೆ ೮೯,೮೭೨ ಆಯಿತು. ಬೂದಿಯಿಂದೇಳುವ ಫೀನಿಕ್ಸ್ ಪಕ್ಷಿಯನ್ನು ನಗರವು ತನ್ನ ಮುದ್ರಿಕೆಯಲ್ಲಿ ಇರಿಸಿಕೊಂಡಿದೆ. ಆದರೆ ಆ ಏಳುವಿಕೆಯಲ್ಲಿ ಯಾರ ದುಡಿಮೆಯಿದ್ದಿತೆಂಬುದನ್ನು ಮುದ್ರಿಕೆಯು ಹೇಳುವುದಿಲ್ಲ.

ಬಿಡುಗಡೆ ಹೊಂದಿದ ಕಪ್ಪು ಜನರು ಹಳ್ಳಿಗಳಿಂದ ಸಹಸ್ರಾರು ಸಂಖ್ಯೆಯಲ್ಲಿ ಈ ಊರಿಗೆ ಬಂದರು. ರೈಲುಗಳಲ್ಲಿ ಅವರಿಗೆ ದೊರೆತ ಕೆಲಸಗಳು ಕಲ್ಲಿದ್ದಲು ತುಂಬುವುದು, ಹಳಿ ರಿಪೇರಿ, ಮೂಟೆ ಹೊರುವುದು, ಮಲಗುವ ಡಬ್ಬಿಗಳಲ್ಲಿ ಪ್ರಯಾಣಿಕರ ಊಳಿಗ. ಹೆಂಗಸರಲ್ಲಿ ಬಹುಭಾಗವು ಬಿಳಿಯರ ಮನೆಯ ಬಟ್ಟೆ ಒಗೆಯುವುದನ್ನು ಅವಲಂಬಿಸಿದ್ದಿತು. ನೀರನ್ನು ಹೊತ್ತು ತಂದು, ಸಾಬೂನನ್ನು ತಾವೇ ಕಾಸಿ, ತಮ್ಮ ಅಂಗಳಗಳಲ್ಲಿಯೇ ಒಗೆದುಕೊಡುತ್ತಿದ್ದ ಇವರು ೧೮೮೧ರ ಜುಲೈ ತಿಂಗಳಲ್ಲಿ ಸುಮಾರು ಇಪ್ಪತ್ತು ಮಂದಿ ಕೂಡಿ ಒಂದು ಸಂಘವನ್ನು ಕಟ್ಟಿ, ಹನ್ನೆರಡು ಪೌಂಡು ಬಟ್ಟೆಗೆ ಒಂದು ಡಾಲರ್ ಕೊಡಬೇಕೆಂದು ಕೇಳಿ ಕೆಲಸ ನಿಲ್ಲಿಸಿದರು. ಮನೆಯಿಂದ ಮನೆಗೆ ಹೋಗಿ ಹೇಳಿದುದರ ಫಲವಾಗಿ ಮೂರು ವಾರಗಳಲ್ಲಿ ಅವರ ಸಂಖ್ಯೆಯು ಸುಮಾರು ಮೂರು ಸಾವಿರಕ್ಕೆ ಏರಿತು. ಪೊಲೀಸರು ಕೆಲವರನ್ನು ಹಿಡಿದರು. ಸಂಘಕ್ಕೆ ಸೇರಿದ ಪ್ರತಿಯೊಬ್ಬಳ ಮೇಲೂ ೨೫ ಡಾಲರ್ ಲೈಸೆನ್ಸ್ ತೆರಿಗೆ ಹಾಕಬೇಕೆಂಬ ಸಲಹೆಯು ನಗರಸಭೆಯ ಮುಂದೆ ಬಂದಿತು. ಒಗೆಯುವವರು ಬೆದರಲಿಲ್ಲ. ತೆರಿಗೆ ಕಟ್ಟಲು ಸಿದ್ಧರೆಂದೂ, ಆದರೆ ಊರಿನ ಒಗೆತದ ದರವನ್ನು ಆಮೇಲೆ ತಾವೇ ಗೊತ್ತುಮಾಡುವೆವೆಂದೂ ನಗರಾಧ್ಯಕ್ಷ ಜೇಮ್ಸ್ ಇಂಗ್ಲಿಷನಿಗೆ ಬರೆದು ತಿಳಿಸಿದರು. ನಗರಸಭೆಯು ಕೊನೆಗೆ ತೆರಿಗೆಯ ಸಲಹೆಯನ್ನು ತಳ್ಳಿಹಾಕಿತು. ಗುಲಾಮಗಿರಿಯು ತೊಲಗಿ ಹದಿನಾರೇ ವರ್ಷಗಳಾಗಿದ್ದ ಕಾಲದಲ್ಲಿ, ಓದುಬರಹಕ್ಕೆ ಎಡೆಯೇ ಇಲ್ಲದಿದ್ದ ಹೆಂಗಸರು ಹೀಗೆ ವ್ಯವಹರಿಸಿದುದನ್ನು ಈ ನಗರದ ಸಾಮಾಜಿಕ ಚರಿತ್ರೆಯ ಅತ್ಯಂತ ಗಮನಾರ್ಹವಾದ ಘಟನೆಯೆಂದು ನಾವು ಎಣಿಸುತ್ತೇವೆ.

ಜೇಮ್ಸ್ ಇಂಗ್ಲಿಷನ ಹೆಸರು ಇನ್ನೊಂದು ಪ್ರಕರಣದಲ್ಲಿಯೂ ಬರುತ್ತದೆ. ಯುದ್ಧದ ತರುವಾಯ ಜಾರ್ಜಿಯವು ತನ್ನ ಸೆರೆಯಾಳುಗಳನ್ನು ಗುತ್ತಿಗೆಗೆ ಕೊಡತೊಡಗಿತು. ೧೮೬೮ರಲ್ಲಿ ಮೊದಲ ನೂರು ಮಂದಿಯನ್ನು ಪಡೆದುದು ಒಂದು ರೈಲುದಾರಿಯ ಕೆಲಸಕ್ಕಾಗಿಯೇ. ಅಲ್ಪ ಅಪರಾಧಗಳಿಗಾಗಿ, ಎಷ್ಟೋ ವೇಳೆ ಅಪರಾಧವೇ ಇಲ್ಲದೆ, ಹಿಡಿದು ತಂದ ಕಪ್ಪು ಜನರು ಇವರಲ್ಲಿ ಬಹುಪಾಲು. ಚಾಟಹೂಚಿ ನದಿಯ ದಂಡೆಯಲ್ಲಿ ರೈಲುದಾರಿಗೆ ತಗಲಿದಂತೆ ಇದ್ದ ಚಾಟಹೂಚಿ ಇಟ್ಟಿಗೆ ಕಂಪನಿಯು ಮುಂದೆ ಇಂಗ್ಲಿಷನ ಕೈಗೆ ಬಂದು, ಇಂತಹ ಸೆರೆಯಾಳುಗಳಿಂದ ಇಟ್ಟಿಗೆ ಸುಡಿಸಿತು. ಅಟ್ಲಾಂಟದ ಬೀದಿಗಳಿಗೂ ಕಟ್ಟಡಗಳಿಗೂ ಆ ಇಟ್ಟಿಗೆಗಳು ಹೋದವು. ಏಟು, ಹಸಿವು, ಬಿಸಿಲುಗಳಿಂದ ಅಲ್ಲಿ ಜನರು ಸತ್ತ ಸಂಗತಿಯು ೧೯೦೮ರ ಶಾಸನಸಭೆಯ ವಿಚಾರಣೆಯಲ್ಲಿ ಬಯಲಿಗೆ ಬಂದು, ಆ ವರ್ಷವೇ ಗುತ್ತಿಗೆಯ ಪದ್ಧತಿಯನ್ನು ರದ್ದುಪಡಿಸಲಾಯಿತು.

ಅದಕ್ಕೆ ಎರಡು ವರ್ಷ ಮುಂಚೆ, ೧೯೦೬ರ ಸೆಪ್ಟೆಂಬರ್ ೨೨ರಿಂದ ೨೪ರವರೆಗೆ, ನಗರದ ನಡುಭಾಗದಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದುವು. ಗವರ್ನರ್ ಹುದ್ದೆಯ ಸ್ಪರ್ಧೆಯಲ್ಲಿ ಜನಾಂಗದ್ವೇಷವನ್ನು ಕೆದಕಿದ್ದುದೂ, ವೃತ್ತಪತ್ರಿಕೆಗಳು ಆಧಾರವಿಲ್ಲದ ಸುದ್ದಿಗಳನ್ನು ದೊಡ್ಡಕ್ಷರಗಳಲ್ಲಿ ಪ್ರಕಟಿಸಿದುದೂ ಇದಕ್ಕೆ ಕಾರಣಗಳು. ಕನಿಷ್ಠ ಪಕ್ಷ ಇಪ್ಪತ್ತೈದು ಮಂದಿ ಕಪ್ಪು ಜನರು ಸತ್ತರು. ಇನ್ನೂ ಹೆಚ್ಚೆಂದು ನಂಬುವವರೂ ಉಂಟು. ಟ್ರಾಮುಬಂಡಿಗಳಿಂದ ಜನರನ್ನು ಎಳೆದು ಹೊಡೆದರು. ಇದಾದ ಮೇಲೆ ಕಪ್ಪು ಜನರ ಅಂಗಡಿಗಳು ನಡುಪೇಟೆಯನ್ನು ಬಿಟ್ಟು ಪೂರ್ವಕ್ಕಿರುವ ಆಬರ್ನ್ ಬೀದಿಯಲ್ಲಿ ಹೆಚ್ಚು ಹೆಚ್ಚಾಗಿ ಒಟ್ಟುಗೂಡಿದವು. ಬ್ಯಾಂಕು, ವಿಮಾ ಕಂಪನಿ, ಇಗರ್ಜಿ, ವೃತ್ತಪತ್ರಿಕೆ ಎಲ್ಲವೂ ಆ ಒಂದು ಬೀದಿಯಲ್ಲಿ ಬೆಳೆದವು. ಗುಲಾಮನಾಗಿ ಹುಟ್ಟಿ ಕ್ಷೌರದ ಅಂಗಡಿಯಿಂದ ಹಣ ಗಳಿಸಿದ ಅಲೊಂಜೊ ಹರ್ನ್‌ಡನ್ನನು ೧೯೦೫ರಲ್ಲಿ ಸ್ಥಾಪಿಸಿದ ವಿಮಾ ಕಂಪನಿಯು ಇವುಗಳಲ್ಲಿ ದೊಡ್ಡದು.

ಆ ಬೀದಿಗೆ ‘ಸವಿಯಾದ ಆಬರ್ನ್’ ಎಂಬ ಹೆಸರು ಕೊಟ್ಟ ಜಾನ್ ವೆಸ್ಲಿ ಡಾಬ್ಸನ ವೃತ್ತಿಯನ್ನು ಗಮನಿಸಿದರೆ, ರೈಲಿಗೂ ಈ ಸಮಾಜದ ಏಳಿಗೆಗೂ ಇದ್ದ ಸಂಬಂಧವು ತಿಳಿಯುತ್ತದೆ. ೧೯೦೩ರಿಂದ ಮೂವತ್ತೆರಡು ವರ್ಷ ಅವನು ರೈಲು ಟಪಾಲಿನ ಗುಮಾಸ್ತನಾಗಿದ್ದನು. ಓಡುವ ಗಾಡಿಯೊಳಗೆ ನಿಂತು ಕಾಗದಗಳನ್ನು ಊರೂರಿಗೆ ವಿಂಗಡಿಸುವುದು ಕೆಲಸ. ಜಾರ್ಜಿಯದ ೧೮೯೧ರ ಕಾನೂನಿನಂತೆ ಕಪ್ಪು ಜನರು ಅದೇ ಗಾಡಿಯಲ್ಲಿ ಬೇರೆ ಡಬ್ಬಿಯಲ್ಲಿ ಕೂಡಬೇಕಾಗಿದ್ದಿತು. ಆದರೆ ಡಾಬ್ಸನ ಸಂಬಳ ಬರುತ್ತಿದ್ದುದು ಸಂಯುಕ್ತ ಸರಕಾರದ ಬೊಕ್ಕಸದಿಂದ. ಊರಿನ ಯಾವ ಧಣಿಯೂ ಅವನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಇಂತಹ ಸ್ವಾತಂತ್ರ್ಯವಿದ್ದವನು ಮಾತ್ರ ಬಹಿರಂಗವಾಗಿ ಮತದಾನದ ಹಕ್ಕಿಗಾಗಿ ಚಳವಳಿ ಹೂಡಬಲ್ಲವನಾಗಿದ್ದನು. ೧೯೩೬ರಲ್ಲಿ ಅವನು ಅದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದನು. ೧೯೪೬ರಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಪ್ರಾಥಮಿಕ ಚುನಾವಣೆಯನ್ನು ನ್ಯಾಯಾಲಯವು ತೊಡೆದುಹಾಕಿದ ಮೇಲೆ ಕಪ್ಪು ಮತದಾರರ ಸಂಖ್ಯೆಯು ಶೀಘ್ರವಾಗಿ ಬೆಳೆಯಿತು. ೧೯೪೮ರಲ್ಲಿ ನಗರದ ಪೊಲೀಸು ಪಡೆಗೆ ಮೊದಲ ಸಲ ಎಂಟು ಮಂದಿ ಕಪ್ಪು ಜನರನ್ನು ಸೇರಿಸಿಕೊಂಡರು. ಅವನ ಮಗಳ ಮಗ ಮೇನಾರ್ಡ್ ಜ್ಯಾಕ್ಸನ್ ೧೯೭೩ರಲ್ಲಿ ನಗರಾಧ್ಯಕ್ಷನಾಗಿ ಆಯ್ಕೆಯಾದನು. ಆ ಪದವಿಯನ್ನು ಪಡೆದ ಕಪ್ಪು ಜನಾಂಗದವರಲ್ಲಿ ಅವನೇ ಮೊದಲನೆಯವನು.

ಅಷ್ಟರಲ್ಲಿ ರೈಲಿನ ವೈಭವವು ಮುಗಿದಿದ್ದಿತು. ಮುಖ್ಯವಾಗಿ ೧೯೨೦ರ ದಶಕದಲ್ಲಿ, ನಡುಪೇಟೆಯ ಹಳಿಗಳನ್ನು ದಾಟುವ ತೊಂದರೆಯನ್ನು ತಪ್ಪಿಸಲು ಬೀದಿಗಳನ್ನೇ ಮೇಲ್ಸೇತುವೆಗಳ ಮೇಲೆ ಎತ್ತಿದ್ದರು. ಹಳೆಯ ಅಂಗಡಿಗಳ ನೆಲಮಾಳಿಗೆಯಂತಹ ಸಾಲುಗಳು ಕತ್ತಲೆಯಲ್ಲಿ ಕೆಳಗೆ ಉಳಿದವು. ೧೯೦೫ರಲ್ಲಿ ಕಟ್ಟಿದ ಭವ್ಯವಾದ ಟರ್ಮಿನಲ್ ನಿಲ್ದಾಣವನ್ನೂ ೧೯೩೦ರ ಯೂನಿಯನ್ ನಿಲ್ದಾಣವನ್ನೂ ೧೯೭೦ರ ದಶಕದ ಮೊದಲಲ್ಲಿ ಕೆಡವಲಾಯಿತು. ರೈಲಿನಿಂದಲೇ ಹುಟ್ಟಿದ ಊರಿನಲ್ಲಿ ಅದರ ನೆನಪಿಗೆ ಒಂದು ದೊಡ್ಡ ನಿಲ್ದಾಣವೂ ಉಳಿಯದಿದ್ದುದು ಸೋಜಿಗವೇ. ಹಳೆಯ ಮೈಲಿಕಲ್ಲನ್ನು ಸಹ ೨೦೧೮ರಲ್ಲಿ ಅದರ ಸ್ಥಳದಿಂದ ತೆಗೆದು ಅಟ್ಲಾಂಟ ಚರಿತ್ರ ಕೇಂದ್ರದಲ್ಲಿ ಇರಿಸಿದರು. ವೆಸ್ಟರ್ನ್ ಅಂಡ್ ಅಟ್ಲಾಂಟಿಕ್ ದಾರಿಯಾದರೋ ಇಂದಿಗೂ ಸಂಸ್ಥಾನದ ಸ್ವತ್ತು. ಗುತ್ತಿಗೆ ಪಡೆದ ಕಂಪನಿಯ ಸರಕುಗಾಡಿಗಳು ಅದರ ಮೇಲೆ ಓಡುತ್ತವೆ. ಊರನ್ನು ಸುತ್ತಿದ್ದ ಹಳೆಯ ದಾರಿಗಳ ಜಾಡಿನಲ್ಲಿ ೨೨ ಮೈಲಿಗಳ ನಡೆದಾರಿಯನ್ನು ಮಾಡುವ ಬೆಲ್ಟ್‌ಲೈನ್ ಯೋಜನೆಯು ೧೯೯೯ರಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಬಂಧವಾಗಿ ಆರಂಭವಾಯಿತು. ಅದರ ಪಕ್ಕದ ಮನೆಗಳ ಬೆಲೆ ಏರಿ, ಹಿಂದಿನಿಂದ ಅಲ್ಲಿ ವಾಸವಾಗಿದ್ದ ಬಡವರು ಇರಲಾರದೆ ಹೊರಡುತ್ತಿರುವರೆಂಬ ದೂರು ಈಗ ಕೇಳಿಬರುತ್ತಿದೆ.

ಇಟ್ಟಿಗೆ ಕಂಪನಿಯ ಜಾಗವು ಬಹುಕಾಲ ಪಾಳುಬಿದ್ದಿದ್ದಿತು. ಅಲ್ಲಿ ಇಂಧನ ತುಂಬಿಸುವ ತಾಣವೊಂದನ್ನು ಕಟ್ಟಲು ನಾರ್‌ಫಕ್ ಸದರ್ನ್ ರೈಲು ಕಂಪನಿಯು ಮುಂದೆಬಂದಾಗ ನೆರೆಯ ಕೇರಿಗಳ ಜನರೂ, ಅಲ್ಲಿ ದುಡಿದು ಸತ್ತವರ ವಂಶಜರೂ ಅಡ್ಡನಿಂತರು. ೨೦೨೨ರಲ್ಲಿ ಕಂಪನಿಯು ಹಿಂದೆ ಸರಿಯಿತು. ಅದೇ ವರ್ಷ ಸುಮಾರು ೭೫ ಎಕರೆಗಳ ಆ ಜಮೀನನ್ನು ನಗರಸಭೆಯು, ಸತ್ತವರಿಗೆ ಸ್ಮಾರಕವನ್ನೂ ಜನರಿಗೆ ಉದ್ಯಾನವನ್ನೂ ಮಾಡಿಸುವ ಉದ್ದೇಶದಿಂದ ಕೊಂಡುಕೊಂಡಿತು.