ಗೆಲುವಿನ ಕಂಬ

ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ ಚೆಂಡಾಟವೆಂದು ನಾವೆಲ್ಲ ಬಲ್ಲೆವು. ಅಮೆರಿಕದ ಕಾಲೇಜುಗಳಲ್ಲಿ ಆ ಹೆಸರಿನ ಆಟವೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದೇ ಓಡುತ್ತಾರೆ. ಒಮ್ಮೊಮ್ಮೆ ಅದನ್ನು ಒದ್ದು, ಮೈದಾನದ ತುದಿಯಲ್ಲಿರುವ ಎತ್ತರದ ಕಂಬಗಳ ನಡುವೆ ದಾಟಿಸಿ ಮೂರು ಅಂಕ ಗಳಿಸುವುದೂ ಉಂಟು.

2022ರ ಅಕ್ಟೋಬರ್ 15ರಂದು ಟೆನೆಸ್ಸಿ ವಿಶ್ವವಿದ್ಯಾಲಯದ ತಂಡವು ನಾಕ್ಸ್‌ವಿಲ್‌ನ ತನ್ನ ಮೈದಾನದಲ್ಲಿ ಅಲಬಾಮಾ ತಂಡವನ್ನು 52–49ರಿಂದ ಸೋಲಿಸಿತು. ಅದಕ್ಕೆ ಮೊದಲು ಸತತವಾಗಿ 15 ಸಲ ಸೋತಿತ್ತು. ಕೊನೆಯ ಗಳಿಗೆಯಲ್ಲಿ 40 ಗಜ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾರಿತು. ನೆರೆದಿದ್ದವರು ಲಕ್ಷಕ್ಕೂ ಮಿಕ್ಕು. ಅವರಲ್ಲಿ ಸಾವಿರಾರು ಮಂದಿ ಒಳನುಗ್ಗಿ, ಕಂಬವನ್ನು ಕಿತ್ತು, ಹೊತ್ತೊಯ್ದು ಹತ್ತಿರದ ನದಿಗೆ ಹಾಕಿದರು. ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ದಂಡ ಬಿತ್ತು.

ಕಂಬವೇ ಏಕೆ? ಆಡಿದವನಿಗೆ ಹೆಸರುಂಟು, ಗಂಟಲು ಹರಿಯುವಂತೆ ಕೂಗಿದವನಿಗೆ ಏನೂ ಇಲ್ಲ. ಗೆಲುವು ಹಾದುಬಂದ ಬಾಗಿಲಿಗೆ ಹೆಗಲು ಕೊಟ್ಟರೆ ಗೆಲುವು ತನ್ನದೂ ಆಗುತ್ತದೆ. ತೇರಿನ ಹಗ್ಗಕ್ಕೆ ಕೈಹಚ್ಚುವ ನಮ್ಮ ಆಸೆಯೂ ಇಂಥದೇ.

ಆದರೆ ಆ ಕಂಬ ಲೋಹದ್ದು. 2005ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಮಾರಿಸ್ ಶಾಖೆಯಲ್ಲಿ ಇಂಥದೇ ಸಂಭ್ರಮದ ನಡುವೆ ಕಂಬ ಉರುಳಿ ಒಬ್ಬ ವಿದ್ಯಾರ್ಥಿ ಸತ್ತನು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮಗನನ್ನು ಓದಲು ಕಳಿಸಿದ ಮನೆ ಅವನ ಮೇಲೆ ಎಷ್ಟು ಆಸೆ ಇಟ್ಟಿರುತ್ತದೆಂಬುದನ್ನು ಬಲ್ಲೆ. ದಂಡದ ಹಣವನ್ನು ಹೇಗೋ ಕೂಡಿಸಬಹುದು. ಆ ಮನೆಯ ನಷ್ಟವನ್ನು ತುಂಬುವವರಾರು?

ಗೆದ್ದಾಗ ಕೂಗೋಣ, ಕುಣಿಯೋಣ. ಕಂಬ ಮಾತ್ರ ನೆಟ್ಟಲ್ಲೇ ನಿಲ್ಲಲಿ. ಮುಂದಿನ ಗೆಲುವಿಗೂ ಅದು ಬೇಕು.