ಇಸ್ಪೀಟಿನ ಎಲೆ ನಂಬಿ ಸಂಸಾರ ಸಾಗುವುದೆ?



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುತ್ತುವಾಗ, ತೋಟದ ರೋಗ, ಔಷಧಗಳ ಮಾತಿನ ನಡುವೆ ಯುವಕರು ಬೇರೊಂದು ಪ್ರಶ್ನೆಯನ್ನೂ ಕೇಳುವುದುಂಟು: "ಮೊಬೈಲಿನಲ್ಲಿ ಪೋಕರ್ ಆಡಿ ಕೆಲವರು ಸಂಬಳದಂತೆ ಹಣ ಎಣಿಸಿದರಂತೆ, ನಿಜವೇ ಸಾರ್?" ನಿಜ. ಆದರೆ ಅದು ಯಾವ ಬಗೆಯ ದುಡಿಮೆ, ಆ ದಾರಿ ಈಗ ಏನಾಗಿದೆ ಎಂಬುದನ್ನು ತಿಳಿಯುವುದು ಅವಶ್ಯಕ. ಹಳದಿ ಎಲೆ ರೋಗದಿಂದ ಅಡಿಕೆ ಫಸಲು ಕಳೆದುಕೊಂಡ ಮನೆಯಲ್ಲಿ ಇಂಥ ಪ್ರಶ್ನೆ ಹುಟ್ಟಿದರೆ ನಗೆಯಾಡಿ ತಳ್ಳುವಂತಿಲ್ಲ.

ಪೋಕರ್ 52 ಎಲೆಗಳ ಆಟ. ಹೆಚ್ಚು ರೂಢಿಯಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ ಕೊಡುತ್ತಾರೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ಹಂತಹಂತವಾಗಿ ತೆರೆಯುತ್ತಾರೆ. ಆಯಾ ಹಂತದಲ್ಲಿ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಅಂದರ್-ಬಾಹರಿನಲ್ಲಿ ಬುದ್ಧಿಗೆ ಕೆಲಸವಿಲ್ಲ, ಇಲ್ಲಿ ಇದೆ. ಹಿಂದೆ ಸರಿಯುವ ಹೊತ್ತನ್ನು ಬಲ್ಲವನೇ ಕಸುಬುದಾರನಾಗುತ್ತಾನೆ.

ಅಂಥವನು ಹಲವು ಗಂಟೆ ಕುಳಿತು, ಒಂದೇ ಕಾಲಕ್ಕೆ ನಾಲ್ಕಾರು ಮೇಜುಗಳಲ್ಲಿ ಆಡುತ್ತಾನೆ. ಆಡಿದ ಪ್ರತಿಯೊಂದು ಕೈಯ ಲೆಕ್ಕ ಇಡುತ್ತಾನೆ. ಆಟದ ಬಂಡವಾಳವನ್ನು ಮನೆಖರ್ಚಿನಿಂದ ಬೇರೆಯೇ ಇಟ್ಟು, ಅದರ ಅಲ್ಪಭಾಗವನ್ನು ಮಾತ್ರ ಒಂದು ಸಲಕ್ಕೆ ಹೂಡುತ್ತಾನೆ. ಏಕೆಂದರೆ ಜಾಣ್ಮೆಯಿದ್ದರೂ ಸೋಲು ತಪ್ಪುವುದಿಲ್ಲ. ಜೋಡಿ ಎಕ್ಕ ಕೈಗೆ ಬರುವುದು 221ರಲ್ಲಿ ಒಮ್ಮೆ. ಅದು ಜೋಡಿ ರಾಜನ ಎದುರು ಗೆಲ್ಲುವುದು ಸುಮಾರು ಐದರಲ್ಲಿ ನಾಲ್ಕು ಸಲ. ಉಳಿದ ಒಂದು ಸಲ ತಿಂಗಳ ದುಡಿಮೆಯೆಲ್ಲ ಹೋಗಬಹುದು.

ಇನ್ನು ಯಾರೂ ಹೇಳದ ಲೆಕ್ಕ. ಆರು ಜನ ತಲಾ 500 ರೂ. ತಂದು ಕುಳಿತರೆ ಮೇಜಿನಲ್ಲಿ 3,000 ರೂ. ಇರುತ್ತದೆ. ಆಟ ನಡೆಸುವ ಕಂಪನಿ ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಮುರಿದುಕೊಳ್ಳುತ್ತದೆಂದು ಇಟ್ಟುಕೊಳ್ಳಿ. ಸಾವಿರ ರೂಪಾಯಿಯ ಇಪ್ಪತ್ತು ಆಟ ಮುಗಿಯುವಷ್ಟರಲ್ಲಿ ಸಾವಿರ ರೂ. ಕಂಪನಿಯ ಪಾಲು, ಆರು ಜನರ ನಡುವೆ ಉಳಿಯುವುದು ಎರಡೇ ಸಾವಿರ. ಅಡಿಕೆ ಮರ ಹೊಸ ಗೊನೆ ಬಿಡುತ್ತದೆ. ಮೇಜು ಏನನ್ನೂ ಬೆಳೆಯುವುದಿಲ್ಲ. ಒಬ್ಬನ ಸಂಬಳವೆಂದರೆ ಹಲವರ ಸೋಲು.

ದೊಡ್ಡ ಗೆಲುವುಗಳು ಸುಳ್ಳಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗ, ಅಂತರ್ಜಾಲದ ಚಿಕ್ಕ ಪಂದ್ಯವೊಂದರಿಂದ ಪ್ರವೇಶ ಪಡೆದು, ಲಾಸ್ ವೇಗಸ್ಸಿನಲ್ಲಿ 25 ಲಕ್ಷ ಡಾಲರ್ ಗೆದ್ದ. 2018ರಲ್ಲಿ ಭಾರತದ ನಿಕಿತಾ ಲೂಥರ್ ಜೊತೆಗಾರನೊಡನೆ ಆಡಿ ಅದೇ ವಿಶ್ವಸರಣಿಯ ಒಂದು ಪಂದ್ಯ ಗೆದ್ದರು. ಸೋತವರ ಹೆಸರನ್ನು ಪತ್ರಿಕೆಗಳು ಅಚ್ಚು ಹಾಕಲಿಲ್ಲ, ಅಷ್ಟೆ.

ಕಾನೂನಿನ ಸಂಗತಿಯನ್ನು ಗಮನವಿಟ್ಟು ಓದಿರಿ. ಕರ್ನಾಟಕ ಸರ್ಕಾರ 2021ರಲ್ಲಿ ಪಣದ ಅಂತರ್ಜಾಲ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ರಾಜ್ಯದ ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಆಗ ಹಲವರು ಈ ಕಸುಬಿಗೆ ಭವಿಷ್ಯವುಂಟೆಂದು ಭಾವಿಸಿದರು. 2023ರ ಏಪ್ರಿಲಿನಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30ರಂತೆ ತೆರಿಗೆ ಮುರಿಯುವ ನಿಯಮ ಬಂತು. ಅದೇ ಅಕ್ಟೋಬರಿನಿಂದ ಆಟಕ್ಕೆ ಕಟ್ಟಿದ ಪೂರ್ತಿ ಹಣದ ಮೇಲೆ ನೂರಕ್ಕೆ 28ರ ಜಿ.ಎಸ್.ಟಿ. ಸೇರಿತು. ಕಡೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯಿದೆಯು, ಜಾಣ್ಮೆಯದಿರಲಿ ಅದೃಷ್ಟದ್ದಿರಲಿ, ಹಣ ಕಟ್ಟಿ ಆಡುವ ಅಂತರ್ಜಾಲ ಆಟಗಳೆಲ್ಲವನ್ನೂ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂ.ವರೆಗೆ ದಂಡ, ಆಡಿದವನಿಗೆ ಶಿಕ್ಷೆ ಹೇಳಿಲ್ಲ. ದೇಶದ ದೊಡ್ಡ ಕಂಪನಿಗಳು ಕೂಡಲೆ ಹಣದ ಆಟ ನಿಲ್ಲಿಸಿದವು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಕಸುಬನ್ನೇ ನಂಬಿದ್ದವರಿಗೆ ಮಾತ್ರ ಒಂದು ವಾರದೊಳಗೆ ಕೆಲಸವಿಲ್ಲದಂತಾಯಿತು.

ಆದ್ದರಿಂದ "ಈಗಲೂ ಆಡಿಸುತ್ತೇವೆ, ಹಣ ಕಳುಹಿಸಿ" ಎಂಬ ಸಂದೇಶ ಮೊಬೈಲಿಗೆ ಬಂದರೆ, ಕಳುಹಿಸಿದವನು ಕಾನೂನಿನ ಹೊರಗಿದ್ದಾನೆಂದು ತಿಳಿಯಿರಿ. ಗೆದ್ದರೂ ಹಣ ಕೊಡಿಸಿಕೊಳ್ಳಲು ಯಾವ ಕಚೇರಿಗೂ ಹೋಗಲಾಗದು. ಹಾಗೆ ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಆಟ ಬಿಡಲಾಗದೆ ನಿದ್ದೆಗೆಟ್ಟವರು ಮನೆಯಲ್ಲಿದ್ದರೆ ಬೈಯುವ ಮುನ್ನ 14416ಕ್ಕೆ ಫೋನು ಮಾಡಿಸಿರಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.