ಕರಿಮಣ್ಣಿನ ದಾರಿಯೂ ಜೀಪಿನ ಗೇರುಪೆಟ್ಟಿಗೆಯೂ

ಹತ್ತಿಗೆ ಹೆಸರಾದ ಆದೋನಿ ಸೀಮೆಯ ಕರಿಮಣ್ಣು ಮಳೆಗಾಲದಲ್ಲಿ ಅಂಟುಕೆಸರಾಗುತ್ತದೆ. ಹೊಳಗುಂದ, ಕೌತಾಳ, ಆಲೂರುಗಳ ಹೊಲದಾರಿಗಳಲ್ಲಿ ಆಗ ನಾಲ್ಕು ಚಕ್ರಗಳಿಗೂ ಬಲ ಹರಿಸುವ ಹಳೆಯ ಜೀಪು ಉಪಯೋಗಕ್ಕೆ ಬರುತ್ತದೆ.

ಮಹೀಂದ್ರ ಸಂಸ್ಥೆಯು ಭಾರತದಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನಾರಂಭಿಸಿತು. ಆ ವಂಶದ ಹಳೆಯ ಜೀಪುಗಳಲ್ಲಿ ಮೂರು ಗೇರುಗಳ ಪೆಟ್ಟಿಗೆಯಿದ್ದು, ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸು ಮುಂದಿನ ಚಕ್ರಗಳಿಗೂ ಬಲ ಹಂಚುತ್ತದೆ. ಇದರ ತಗ್ಗಿನ ಗೇರು ವೇಗವನ್ನು ಸುಮಾರು ಎರಡೂವರೆ ಪಟ್ಟು ಕುಗ್ಗಿಸಿ, ಎಳೆತವನ್ನು ಅಷ್ಟೇ ಹಿಗ್ಗಿಸುತ್ತದೆ.

ಇಳಿಜಾರಿನಲ್ಲಿ ಗೇರು ತಾನಾಗಿ ಕಳಚಿಕೊಂಡರೆ ಎಂಜಿನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸವೆದ ಹಲ್ಲು, ಸವೆದ ವಾಷರು, ಸೋತ ಸ್ಪ್ರಿಂಗುಗಳೇ ಇದಕ್ಕೆ ಸಾಮಾನ್ಯ ಕಾರಣ. ತಾಳ್ಮೆಯುಳ್ಳವರು ಇದನ್ನು ಮನೆಯಂಗಳದಲ್ಲಿಯೇ ಸರಿಪಡಿಸಬಲ್ಲರು. ಇಳಿಸುವ ಮೊದಲು ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಜೀಪನ್ನು ಗಟ್ಟಿ ಆಧಾರದ ಮೇಲೆ ನಿಲ್ಲಿಸಬೇಕು. ಜ್ಯಾಕೊಂದನ್ನೇ ನಂಬಿ ಕೆಳಗೆ ನುಸುಳಬಾರದು. ಬಿಚ್ಚಿದ ಭಾಗಗಳನ್ನು ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಟ್ಟು ಅಂಕೆ ಹಾಕಬೇಕು. ಮರುಜೋಡಣೆಯಲ್ಲಿ ಸೂಜಿ ಬೇರಿಂಗಿನ ಸಣ್ಣ ಉರುಳೆಗಳನ್ನು ಎಣಿಸಿ, ಗ್ರೀಸಿನಿಂದ ಅಂಟಿಸಿ ಕೂರಿಸಬೇಕು. ಒಂದು ಉರುಳೆ ತಪ್ಪಿದರೂ ದುಡಿಮೆಯೆಲ್ಲ ವ್ಯರ್ಥ.

ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಕನ್ನಡ ಶಾಲೆಗಳು ಉಳಿದವು. ಅಲ್ಲಿ ಮಕ್ಕಳು ‘ಅನುಪಾತ’ವನ್ನು ಕನ್ನಡದಲ್ಲಿಯೇ ಕಲಿಯುತ್ತಾರೆ. 15 ಹಲ್ಲಿನ ಚಕ್ರವು 30 ಹಲ್ಲಿನದನ್ನು ತಿರುಗಿಸಿದರೆ ವೇಗ ಅರ್ಧ, ತಿರುಚುಬಲ ಇಮ್ಮಡಿ. ಬಿಚ್ಚಿಟ್ಟ ಪೆಟ್ಟಿಗೆಯ ಮುಂದೆ ಮಗುವನ್ನು ಕೂರಿಸಿ ಹಲ್ಲುಗಳನ್ನೆಣಿಸಲು ಹೇಳಿರಿ. ಪುಸ್ತಕದ ಕನ್ನಡವು ಕೈಕಸುಬಿಗೂ ಸಲ್ಲುವುದೆಂಬುದು ಆಗ ಅದಕ್ಕೆ ತಾನಾಗಿಯೇ ತಿಳಿಯುತ್ತದೆ.